ಶನಿವಾರ ರಾತ್ರಿಯ ನಗು, ಸೋಮವಾರದ ದೂರು

ವೀಕ್ಷಕರ ಅಭಿಪ್ರಾಯ ಅಂತ ನಾವು ಟಿವಿಯವರು ದಿನಕ್ಕೆ ಹತ್ತು ಸಲ ಹೇಳ್ತೀವಿ. ಕಾರ್ಯಕ್ರಮ ನಿಲ್ಲಿಸಬೇಕಾದಾಗ ವೀಕ್ಷಕರಿಗೆ ಇಷ್ಟವಾಗಲಿಲ್ಲ ಅಂತೀವಿ. ಮುಂದುವರಿಸಬೇಕಾದಾಗ ವೀಕ್ಷಕರ ಒತ್ತಾಯದ ಮೇರೆಗೆ ಅಂತೀವಿ. ಈ ವೀಕ್ಷಕ ಅನ್ನೋ ಮಹಾಶಯ ಯಾರು? ಫೋನ್ ಮಾಡಿ ಬೈದವನಾ? ಪತ್ರ ಬರೆದವನಾ? ಅಥವಾ ಸುಮ್ಮನೆ ಕೂತು ನೋಡಿ, ನಕ್ಕು, ಟಿವಿ ಆರಿಸಿ ಮಲಗಿದವನಾ? ಗುರುವಾರ ಬೆಳಗ್ಗೆ ರೇಟಿಂಗ್ ಶೀಟ್ ಕೈಗೆ ಬಂದಾಗ ನಮ್ಮ ಎದೆ ಢವಢವ ಅನ್ನುತ್ತಲ್ಲ, ಆ ಶೀಟ್‌ನಲ್ಲಿ ಇರೋನು ಈ ಮೂವರಲ್ಲಿ ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂದ್ರೆ ನಾನು ಅರುವತ್ತು ವರ್ಷ ಹಿಂದಕ್ಕೆ, ಲಂಡನ್ನಿಗೆ ಹೋಗ್ತೀನಿ. 1962ರ ನವೆಂಬರ್ 24, ಶನಿವಾರ ರಾತ್ರಿ. ಆಗ ನಮ್ಮ ದೇಶದ ಸ್ಥಿತಿ ಹೇಗಿತ್ತು ನೆನಪು ಮಾಡಿಕೊಳ್ಳಿ. ಮೂರು ದಿನದ ಹಿಂದಷ್ಟೇ ಚೀನಾ ತಾನಾಗಿಯೇ ಕದನವಿರಾಮ ಘೋಷಿಸಿತ್ತು. ಇಡೀ ಭಾರತ ಸೂತಕದ ಮನೆಯ ಹಾಗಿತ್ತು. ಟಿವಿ ಅನ್ನೋದು ದೆಹಲಿಯಲ್ಲಿ ಪ್ರಯೋಗದ ಮಟ್ಟದಲ್ಲಿ ಇತ್ತೇ ಹೊರತು ಕರ್ನಾಟಕದಲ್ಲಿ ಅದರ ಸುಳಿವೂ ಇರಲಿಲ್ಲ. ಅದೇ ವೇಳೆಗೆ ಬಿಬಿಸಿಯಲ್ಲಿ ಒಂದು ಹೊಸ ಕಾರ್ಯಕ್ರಮ ಶುರುವಾಯ್ತು. ಹೆಸರು ‘ದಟ್ ವಾಸ್ ದ ವೀಕ್ ದಟ್ ವಾಸ್’. ಹೋದ ವಾರದ ಕಥೆ ಇಷ್ಟೇ ಕಣ್ರೀ ಅನ್ನೋ ಧಾಟಿ. ಜನ ಅದನ್ನ ಚಿಕ್ಕದಾಗಿ ‘ಟಿಡಬ್ಲ್ಯೂ ತ್ರೀ’ ಅಂದ್ರು. ವಾರದ ಸುದ್ದಿಯನ್ನ ಹಿಡಿದು ಸ್ಕಿಟ್, ಹಾಡು, ಅಣಕು, ಮಾತಿನ ಜಟಾಪಟಿ, ಎಲ್ಲ ಲೈವ್. ಒಂದು ವರ್ಷ ಒಂದು ತಿಂಗಳಲ್ಲಿ ಮುಗಿದೂ ಹೋಯ್ತು. ಆದರೆ ಅಷ್ಟರಲ್ಲಿ ವೀಕ್ಷಕರ ಅಭಿಪ್ರಾಯ ಅನ್ನೋ ಮಾತಿನ ಹೂರಣವನ್ನೆಲ್ಲ ಹೊರಗೆ ಎಳೆದು ಹಾಕಿತು.

ಅದು ಯಾಕೆ ಅಷ್ಟು ದೊಡ್ಡ ಸಂಗತಿಯಾಯ್ತು ಅಂತ ಅರ್ಥವಾಗಬೇಕಾದರೆ ಅದಕ್ಕೂ ಮೊದಲಿನ ಬಿಬಿಸಿ ಹೇಗಿತ್ತು ಅಂತ ತಿಳಿದಿರಬೇಕು. ಇವತ್ತು ನಾವು ಬಿಬಿಸಿ ಅಂದ್ರೆ ಪ್ರಧಾನಿಯನ್ನೇ ನಿಲ್ಲಿಸಿ ಕೇಳುವ ಸಂಸ್ಥೆ ಅಂದುಕೊಂಡಿದ್ದೀವಿ. ಆಗ ಹಾಗಿರಲಿಲ್ಲ. ‘ಹದಿನಾಲ್ಕು ದಿನದ ನಿಯಮ’ ಅಂತ ಒಂದಿತ್ತು. ಮುಂದಿನ ಹದಿನಾಲ್ಕು ದಿನದಲ್ಲಿ ಸಂಸತ್ತಿನಲ್ಲಿ ಚರ್ಚೆಗೆ ಬರಲಿರುವ ವಿಷಯವನ್ನ ರೇಡಿಯೋ, ಟಿವಿಯಲ್ಲಿ ಚರ್ಚಿಸುವಂತಿಲ್ಲ! ಸದನಕ್ಕಿಂತ ಮೊದಲು ನೀವ್ಯಾಕೆ ಮಾತಾಡ್ತೀರಿ ಅಂತ. ನಮ್ಮ ಚಾನೆಲ್‌ಗಳಿಗೆ ಆ ನಿಯಮ ಹಾಕಿದರೆ ರಾತ್ರಿ ಒಂಬತ್ತು ಗಂಟೆಗೆ ಹವಾಮಾನ ವರದಿ ಬಿಟ್ಟು ಬೇರೇನೂ ಉಳಿಯೋದಿಲ್ಲ. 1956ರ ಕೊನೆಯವರೆಗೂ ಆ ನಿಯಮ ಜಾರಿಯಲ್ಲಿತ್ತು.

ಹಾಸ್ಯಕ್ಕಂತೂ ಬೇರೆಯದೇ ಕಡಿವಾಣ. 1948ರಲ್ಲಿ ಬಿಬಿಸಿ ಹಾಸ್ಯ ಬರೆಯುವವರಿಗಾಗಿ ಒಂದು ಕೈಪಿಡಿ ಮಾಡಿತ್ತು. ಯಾವುದರ ಮೇಲೆ ಜೋಕ್ ಮಾಡಬಾರದು ಅನ್ನೋ ಪಟ್ಟಿ. ಶೌಚಾಲಯದ ಬಗ್ಗೆ ಬೇಡ. ಹನಿಮೂನಿಗೆ ಹೋದ ದಂಪತಿ ಬಗ್ಗೆ ಬೇಡ. ಹೋಟೆಲಿನಲ್ಲಿ ರೂಮು ಗುಡಿಸುವ ಹೆಂಗಸರ ಬಗ್ಗೆ ಬೇಡ. ಮೊಲಗಳ ಸಂಸಾರದ ಬಗ್ಗೆಯೂ ಬೇಡ! ಮೊಲ ಏನು ಪಾಪ ಮಾಡಿತ್ತೋ. ಮೊಲಕ್ಕೇ ಇಷ್ಟು ಮರ್ಯಾದೆ ಅಂದ ಮೇಲೆ ಮಂತ್ರಿಗಳಿಗೆ ಎಷ್ಟಿರಬೇಡ, ಲೆಕ್ಕ ಹಾಕಿ.

ಈ ಬಾಗಿಲನ್ನ ತೆಗೆದವರು ಹ್ಯೂ ಕಾರ್ಲ್‌ಟನ್ ಗ್ರೀನ್. 1960ರಲ್ಲಿ ಬಿಬಿಸಿಯ ಡೈರೆಕ್ಟರ್ ಜನರಲ್ ಆದವರು. ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ತಮ್ಮ ಅಂದ್ರೆ ನಮ್ಮವರಿಗೆ ಬೇಗ ಗೊತ್ತಾಗುತ್ತೆ. ಅಣ್ಣನ ಪರಿಚಯದ ಮೂಲಕವೇ ನಮ್ಮ ಆರ್.ಕೆ. ನಾರಾಯಣ್ ಇಂಗ್ಲೆಂಡಿನಲ್ಲಿ ಪ್ರಕಟವಾಗಿದ್ದು. ಈ ತಮ್ಮ ಪತ್ರಕರ್ತ. ಡೈಲಿ ಟೆಲಿಗ್ರಾಫ್ ಪತ್ರಿಕೆಯ ಬರ್ಲಿನ್ ವರದಿಗಾರರಾಗಿದ್ದವರು. ಹಿಟ್ಲರ್ ಸರ್ಕಾರ 1939ರಲ್ಲಿ ಅವರನ್ನ ಜರ್ಮನಿಯಿಂದ ಹೊರಗೆ ಹಾಕಿತು. ಮೂವತ್ತರ ದಶಕದಲ್ಲಿ ಅವರು ಜರ್ಮನಿಯ ಕ್ಯಾಬರೆಗಳನ್ನ ಕಂಡಿದ್ದರು. ಕ್ಯಾಬರೆ ಅಂದ ತಕ್ಷಣ ನಮಗೆ ಹಳೇ ಸಿನಿಮಾದ ಡ್ಯಾನ್ಸು ನೆನಪಾಗುತ್ತೆ, ಅದಲ್ಲ. ಸಣ್ಣ ಸಭಾಂಗಣದಲ್ಲಿ ಕೂತ ಜನರ ಮುಂದೆ ಅಧಿಕಾರದಲ್ಲಿರೋರನ್ನ ಹಾಡಿ, ಆಡಿ ಗೇಲಿ ಮಾಡುವ ಪ್ರದರ್ಶನ. ಅಂಥದ್ದೊಂದು ನಮ್ಮ ಟಿವಿಯಲ್ಲಿ ಯಾಕಿರಬಾರದು ಅಂತ ಗ್ರೀನ್ ತಲೆಯಲ್ಲಿತ್ತು.

ಇಲ್ಲಿ ಒಂದು ಕುಹಕ ಹೇಳಲೇಬೇಕು. ಅದೇ ಹೊತ್ತಿಗೆ ಪೀಟರ್ ಕುಕ್ ಅನ್ನೋ ಹಾಸ್ಯಗಾರ ಲಂಡನ್ನಿನ ಸೋಹೊದಲ್ಲಿ ‘ಎಸ್ಟಾಬ್ಲಿಷ್‌ಮೆಂಟ್’ ಅನ್ನೋ ವಿಡಂಬನೆಯ ಕ್ಲಬ್ ತೆರೆದಿದ್ದರು, 1961ರಲ್ಲಿ. ಅದಕ್ಕೆ ಬರ್ಲಿನ್ ಕ್ಯಾಬರೆಗಳೇ ಮಾದರಿ, ಹಿಟ್ಲರನನ್ನ ತಡೆಯೋಕೆ, ಯುದ್ಧ ನಿಲ್ಲಿಸೋಕೆ ಅವು ಎಷ್ಟೊಂದು ಸಹಾಯ ಮಾಡಿದವಲ್ಲ ಅಂತ ಅವರು ಅಂದಿದ್ದು ಪ್ರಸಿದ್ಧ. ನಗಿಸುವವನೇ ನಗುವಿನ ಕೈಲಾಗದ ಸ್ಥಿತಿಯನ್ನ ಆಡಿಕೊಂಡಿದ್ದು. ವಿಡಂಬನೆ ಬಗ್ಗೆ ಇದಕ್ಕಿಂತ ಕಹಿಯಾದ ಮಾತನ್ನ ನಾನು ಕೇಳಿಲ್ಲ. ಆದರೆ ಮುಂದೆ ನಡೆದದ್ದನ್ನ ನೋಡಿದರೆ, ಅಷ್ಟು ಕೈಲಾಗದ್ದಾಗಿದ್ದರೆ ಅಧಿಕಾರದಲ್ಲಿರೋರು ಅಷ್ಟೊಂದು ಯಾಕೆ ಕೂಗಾಡಿದ್ರು ಅಂತ ಕೇಳಬೇಕಾಗುತ್ತೆ.

ಗ್ರೀನ್ ಇನ್ನೊಂದು ಜಾಣತನ ಮಾಡಿದರು. ಈ ಕಾರ್ಯಕ್ರಮವನ್ನ ಮನರಂಜನಾ ವಿಭಾಗಕ್ಕೆ ಕೊಡಲಿಲ್ಲ, ಸುದ್ದಿ ವಿಶ್ಲೇಷಣೆ ಮಾಡುವ ವಿಭಾಗಕ್ಕೆ ಕೊಟ್ಟರು. ನಿರ್ಮಾಪಕ ನೆಡ್ ಶೆರಿನ್, ‘ಟುನೈಟ್’ ಅನ್ನೋ ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮದಿಂದ ಬಂದವರು. ನನ್ನಂಥ ಸುದ್ದಿಯವನಿಗೆ ಇದೇ ಮುಖ್ಯ ಅನ್ನಿಸುತ್ತೆ. ಮನರಂಜನೆಯವರು ಮಾಡಿದ್ದರೆ ಅದು ಮಂತ್ರಿಯ ಮೂಗು, ಮಂತ್ರಿಯ ನಡಿಗೆಯಲ್ಲೇ ಮುಗಿದುಹೋಗ್ತಿತ್ತು. ಸುದ್ದಿಯವರು ಮಾಡಿದ್ದರಿಂದ ಮಂತ್ರಿ ಏನು ಮಾಡಿದ, ಏನು ಮಾಡಲಿಲ್ಲ ಅನ್ನೋದಕ್ಕೆ ಬಂತು.

ನಿರೂಪಕ ಡೇವಿಡ್ ಫ್ರಾಸ್ಟ್. ವಯಸ್ಸು 23! ಪಾದ್ರಿಯ ಮಗ, ಕೇಂಬ್ರಿಡ್ಜ್‌ನಿಂದ ಆಗಷ್ಟೇ ಹೊರಬಂದ ಹುಡುಗ. ಮುಂದೆ 1977ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಅವರನ್ನ ಕೂರಿಸಿಕೊಂಡು ವಾಟರ್‌ಗೇಟ್ ಬಗ್ಗೆ ಬಾಯಿ ಬಿಡಿಸಿದ್ದು ಇದೇ ಫ್ರಾಸ್ಟ್. ಮಿಲಿಸೆಂಟ್ ಮಾರ್ಟಿನ್ ಆ ವಾರದ ಸುದ್ದಿಯನ್ನ ಹೊಸ ಸಾಹಿತ್ಯದಲ್ಲಿ ಹಾಡ್ತಿದ್ದರು. ವಿಲಿಯಂ ರಷ್ಟನ್ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಆಗ್ತಿದ್ದರು. ರಾಯ್ ಕಿನ್ನಿಯರ್, ಲ್ಯಾನ್ಸ್ ಪರ್ಸಿವಲ್, ಕೆನ್ನೆತ್ ಕೋಪ್ ಸ್ಕಿಟ್‌ಗಳಲ್ಲಿ. ಬರೆಯೋಕೆ ಡೆನ್ನಿಸ್ ಪಾಟರ್, ಕೀತ್ ವಾಟರ್‌ಹೌಸ್, ಇನ್ನೂ ಹೆಸರು ಮಾಡಿರದ ಜಾನ್ ಕ್ಲೀಸ್ ಅಂಥವರು. ಸೆಟ್ ಅಂತ ದೊಡ್ಡದೇನೂ ಇಲ್ಲ. ಕ್ಯಾಮೆರಾ, ಮೈಕಿನ ಕೋಲು, ಕೇಬಲ್ಲು ಎಲ್ಲ ಪರದೆಯಲ್ಲೇ ಕಾಣ್ತಿತ್ತು. ಇವತ್ತು ನಮ್ಮ ನ್ಯೂಸ್‌ರೂಮ್‌ಗಳು ಹಿಂದೆ ಕೂತು ಕೆಲಸ ಮಾಡೋರನ್ನ ಬೇಕಂತಲೇ ತೋರಿಸ್ತವಲ್ಲ, ಆ ಶೋಕಿಯ ಮುತ್ತಜ್ಜ ಅದು.

ಜನ ಹುಚ್ಚೆದ್ದು ನೋಡಿದರು. ಶನಿವಾರ ತಡರಾತ್ರಿಯ ಕಾರ್ಯಕ್ರಮ, ಪಬ್‌ನಲ್ಲಿ ಕೂತವರು ಗ್ಲಾಸು ಖಾಲಿ ಮಾಡಿ ಮನೆಗೆ ಓಡ್ತಿದ್ದರಂತೆ. ಕೆಲವೇ ತಿಂಗಳಲ್ಲಿ ವೀಕ್ಷಕರ ಸಂಖ್ಯೆ 1 ಕೋಟಿ 20 ಲಕ್ಷದ ಆಸುಪಾಸಿಗೆ ಹೋಯ್ತು. ಬ್ರಿಟನ್ನಿನ ಆಗಿನ ಜನಸಂಖ್ಯೆ ಐದು ಕೋಟಿ ಚಿಲ್ಲರೆ. ಅಂದ್ರೆ ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು.

ಈಗ ಬರೋಣ ದೂರಿನ ಕಡೆಗೆ.

ಮೊದಲ ದೂರು ಬಂದಿದ್ದು ಕಾರ್ಯಕ್ರಮ ಪ್ರಸಾರ ಆಗೋದಕ್ಕೂ ಮುಂಚೆ! ಪ್ರಾಯೋಗಿಕವಾಗಿ ಒಂದು ಕಂತು ಮಾಡಿದ್ದರು. ಎರಡೂವರೆ ಗಂಟೆ ಉದ್ದ. ಮೇಲಿನವರಿಗೆ ಅಷ್ಟೇನೂ ಹಿಡಿಸಲಿಲ್ಲ. ಆದರೆ ಅದರಲ್ಲಿ ಬರ್ನಾರ್ಡ್ ಲೆವಿನ್ ಅನ್ನೋ ಪತ್ರಕರ್ತ ಆಳುವ ಕನ್ಸರ್ವೇಟಿವ್ ಪಕ್ಷದ ಕೆಲವು ಮಹಿಳೆಯರ ಜೊತೆ ವಾದಕ್ಕಿಳಿದಿದ್ದರು. ಆ ಮಹಿಳೆಯರು ಹೋಗಿ ಪಕ್ಷದ ಕಚೇರಿಗೆ ದೂರು ಕೊಟ್ಟರು. ಪಕ್ಷದವರು ಬಿಬಿಸಿಗೆ ಮುಟ್ಟಿಸಿದರು. ಏನಪ್ಪಾ ಇದೆ ಅದರಲ್ಲಿ ಅಂತ ಬಿಬಿಸಿಯವರು ಮತ್ತೆ ಹಾಕಿ ನೋಡಿದರು. ಅರೆ, ಚೆನ್ನಾಗಿದೆಯಲ್ಲ ಅಂದ್ರು! ಮೂಲೆ ಸೇರಬೇಕಿದ್ದ ಕಾರ್ಯಕ್ರಮ ಹೀಗೆ ದೂರಿನಿಂದಲೇ ಬದುಕಿಕೊಂಡಿತು.

ಈ ಲೆವಿನ್ ಬಗ್ಗೆ ಒಂದು ಮಾತು. ಪ್ರತಿ ವಾರ ಯಾರನ್ನಾದರೂ ಕರೆದು ಮುಖಕ್ಕೆ ಹೊಡೆದ ಹಾಗೆ ಮಾತಾಡೋದು ಅವರ ಕೆಲಸ. ರೈತ ಪ್ರತಿನಿಧಿಗಳನ್ನ ಕರೆಸಿದಾಗ ‘ನಮಸ್ಕಾರ, ಹಳ್ಳಿಗಮಾರರೇ’ ಅನ್ನೋ ಅರ್ಥ ಬರುವಂತೆ ಸ್ವಾಗತಿಸಿದರು. ಹೋಟೆಲ್ ಉದ್ಯಮಿ ಚಾರ್ಲ್ಸ್ ಫೋರ್ಟೆ ಎದುರಿಗೆ ಕೂತಿದ್ದಾಗ ಬ್ರಿಟನ್ನಿನ ಹೋಟೆಲುಗಳು ಸೋಮಾರಿ, ಕೊಳಕು, ಮೋಸ, ದುಬಾರಿ ಅಂತ ವಿಶೇಷಣಗಳ ಮಳೆ ಸುರಿಸಿದರು. 1963ರ ಏಪ್ರಿಲ್‌ನಲ್ಲಿ ಪ್ರೇಕ್ಷಕರ ನಡುವಿನಿಂದ ಡೆಸ್ಮಂಡ್ ಲೆಸ್ಲಿ ಅನ್ನೋರು ಎದ್ದುಬಂದು, ಸ್ವಲ್ಪ ಎದ್ದು ನಿಲ್ತೀರಾ ಅಂತ ವಿನಯದಿಂದ ಕೇಳಿ, ಲೆವಿನ್‌ಗೆ ಗುದ್ದಿದರು. ಲೈವ್‌ನಲ್ಲಿ! ಹೆಂಡತಿಯ ಪ್ರದರ್ಶನದ ಬಗ್ಗೆ ಲೆವಿನ್ ಕೆಟ್ಟದಾಗಿ ವಿಮರ್ಶೆ ಬರೆದಿದ್ದರು ಅನ್ನೋ ಸಿಟ್ಟು. ಲೆವಿನ್ ಸಾವರಿಸಿಕೊಂಡು ಕಾರ್ಯಕ್ರಮ ಮುಂದುವರಿಸಿದರು. ಗುದ್ದಿದ್ದು ತಪ್ಪೇ. ಆದರೆ ರೈತರನ್ನ ಕರೆದು ಗಮಾರರೇ ಅನ್ನೋದೂ ನನಗೆ ಸರಿ ಕಾಣೋದಿಲ್ಲ. ಕರೆದವನು ನೀನು, ಬಂದವರು ಅತಿಥಿಗಳು. ಮಂತ್ರಿಯನ್ನ ಗೇಲಿ ಮಾಡೋದು ಬೇರೆ, ಕ್ಯಾಮೆರಾ ಮುಂದೆ ತಬ್ಬಿಬ್ಬಾಗೋ ಜನಸಾಮಾನ್ಯನನ್ನ ಗೇಲಿ ಮಾಡೋದು ಬೇರೆ. ಈ ಕಾರ್ಯಕ್ರಮದಲ್ಲಿ ನನಗೆ ಹಿಡಿಸದ ಭಾಗ ಅಂದ್ರೆ ಇದೇ. ನಮ್ಮ ಚಾನೆಲ್ಲುಗಳು ಇದನ್ನೇ ಆರಿಸಿಕೊಂಡು ಕಲಿತವೇನೋ ಅನ್ನಿಸುತ್ತೆ ಒಮ್ಮೊಮ್ಮೆ.

ಜನರಿಂದ ಹೆಚ್ಚು ಬೈಸಿಕೊಂಡ ಸ್ಕಿಟ್‌ಗಳಲ್ಲಿ ಒಂದು 1963ರ ಜನವರಿಯದು. ಬ್ರಿಟನ್ನಿನಲ್ಲಿ ‘ವಿಚ್?’ ಅಂತ ಒಂದು ಗ್ರಾಹಕರ ಪತ್ರಿಕೆ ಇದೆ. ಯಾವ ಇಸ್ತ್ರಿಪೆಟ್ಟಿಗೆ ಕೊಳ್ಳಬಹುದು, ಯಾವ ವಾಷಿಂಗ್ ಮೆಷಿನ್ ಬಾಳಿಕೆ ಬರುತ್ತೆ ಅಂತ ಪರೀಕ್ಷೆ ಮಾಡಿ ಹೇಳುವ ಪತ್ರಿಕೆ. ಆ ಧಾಟಿಯಲ್ಲಿ ಫ್ರಾಸ್ಟ್ ಧರ್ಮಗಳ ಗ್ರಾಹಕ ವರದಿ ಓದಿದರು! ಈ ಧರ್ಮಕ್ಕೆ ನಾವು ಹಾಕೋದೇನು, ವಾಪಸ್ ಬರೋದೇನು, ಖರ್ಚೆಷ್ಟು. ಕೊನೆಗೆ ಚರ್ಚ್ ಆಫ್ ಇಂಗ್ಲೆಂಡ್ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು ಅನ್ನೋ ತೀರ್ಪು. ಬೈದ ಪತ್ರಗಳೂ ಬಂದವು, ಭೇಷ್ ಅಂದ ಪತ್ರಗಳೂ ಬಂದವು. ಈ ಎರಡನೇ ರಾಶಿಯನ್ನ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಹೊಗಳಿಕೆಯ ಪತ್ರ ಫೈಲಿಗೆ ಹೋಗುತ್ತೆ, ಬೈಗುಳದ ಪತ್ರ ಮೀಟಿಂಗಿಗೆ ಹೋಗುತ್ತೆ. ಇದು ಎಲ್ಲ ಕಾಲದ, ಎಲ್ಲ ಕಚೇರಿಯ ಕಥೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಅದೇ ತಿಂಗಳು ಬಂದ ಇನ್ನೊಂದು ಐಟಂ. ಬರೆದವರು ಜೆರಾಲ್ಡ್ ಕಾಫ್‌ಮನ್, ಆಗ ಪತ್ರಕರ್ತ. ವಿಷಯ: ವರ್ಷಗಟ್ಟಲೆ ಸಂಸತ್ತಿನಲ್ಲಿ ಬಾಯಿಯನ್ನೇ ತೆರೆಯದ ಸಂಸದರು. ಇದರಲ್ಲಿ ಅಣಕು ಇಲ್ಲ, ವೇಷ ಇಲ್ಲ. ಸದನದ ದಾಖಲೆ ತೆಗೆದರು, ಯಾರು ಎಷ್ಟು ವರ್ಷದಿಂದ ಮಾತಾಡಿಲ್ಲ ನೋಡಿದರು, ಹೆಸರು ಓದಿದರು. ಅಷ್ಟೇ. ಜನ ಬಿದ್ದು ಬಿದ್ದು ನಕ್ಕರು. ಸುದ್ದಿ ಯಾವುದು, ಹಾಸ್ಯ ಯಾವುದು ಅಂತ ಗೆರೆ ಎಳೆಯೋಕೆ ಆಗದ ಜಾಗ ಅದು. ಪಟ್ಟಿಯಲ್ಲಿದ್ದ ಸಂಸದರೊಬ್ಬರಿಗೆ ಕೋಪ ಬಂತು, ಇದು ಸದನದ ಹಕ್ಕುಚ್ಯುತಿ ಅಂತ ದೂರಿದರು. ಮೌನ ಮುರಿಯೋಕೆ ಕೊನೆಗೂ ಒಂದು ಕಾರಣ ಸಿಕ್ಕಿತಲ್ಲ!

ಗೃಹಮಂತ್ರಿ ಹೆನ್ರಿ ಬ್ರೂಕ್ ಕಥೆ ಇನ್ನೂ ಕಟು. ಗಣ್ಯರನ್ನ ಕೂರಿಸಿ ಅವರ ಹಳೇ ಗೆಳೆಯರನ್ನ, ಮೇಷ್ಟ್ರನ್ನ ಕರೆಸಿ ಹೊಗಳುವ ‘ದಿಸ್ ಈಸ್ ಯುವರ್ ಲೈಫ್’ ಅನ್ನೋ ಜನಪ್ರಿಯ ಕಾರ್ಯಕ್ರಮ ಇತ್ತು. ನಮ್ಮಲ್ಲಿ ರಮೇಶ್ ಅರವಿಂದ್ ನಡೆಸಿಕೊಟ್ಟ ‘ವೀಕೆಂಡ್ ವಿತ್ ರಮೇಶ್’ ನೋಡಿದವರಿಗೆ ಅದರ ಸ್ವರೂಪ ಬೇಗ ಅರ್ಥವಾಗುತ್ತೆ. ಅದೇ ಮಾದರಿಯಲ್ಲಿ ಬ್ರೂಕ್ ಅವರ ‘ಜೀವನ’ ತೋರಿಸಿದರು. ಒಬ್ಬೊಬ್ಬರಾಗಿ ಬಂದವರು ಗೆಳೆಯರಲ್ಲ, ಅವರ ನಿರ್ಧಾರಗಳಿಂದ ತೊಂದರೆಗೆ ಸಿಕ್ಕವರು. ನಕ್ಕವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯ್ತು. ಅಂಥ ಗೇಲಿಯನ್ನ ಹಾಲಿ ಗೃಹಮಂತ್ರಿಯ ಮೇಲೆ ಬ್ರಿಟಿಷ್ ಟಿವಿ ಅದುವರೆಗೆ ಮಾಡಿರಲಿಲ್ಲ.

ಸರ್ಕಾರ ಸುಮ್ಮನಿತ್ತಾ? ಬಿಬಿಸಿಯ ವಿಷಯ ನೋಡಿಕೊಳ್ಳುತ್ತಿದ್ದ ಪೋಸ್ಟ್‌ಮಾಸ್ಟರ್ ಜನರಲ್ ರೆಜಿನಾಲ್ಡ್ ಬೆವಿನ್ಸ್ ಏನಾದರೂ ಕ್ರಮ ತೆಗೆದುಕೊಳ್ಳೋ ಉಮೇದಿನಲ್ಲಿದ್ದರು. ಅವರಿಗೆ ಪ್ರಧಾನಿ ಮ್ಯಾಕ್‌ಮಿಲನ್ ಕಡೆಯಿಂದ ಒಂದು ಚೀಟಿ ಹೋಯ್ತು. ನನ್ನನ್ನ ಕೇಳದೆ ಏನೂ ಮಾಡಬೇಡಿ, ಜನ ನಮ್ಮನ್ನ ನೋಡಿ ನಗೋದು ನಮ್ಮನ್ನ ಮರೆತುಬಿಡೋದಕ್ಕಿಂತ ಒಳ್ಳೇದು ಅನ್ನೋದು ಅದರ ಸಾರ. ಎಂಥ ಪಳಗಿದ ರಾಜಕಾರಣಿಯ ಮಾತು ನೋಡಿ! ವಾರ ವಾರ ತನ್ನನ್ನ ಮುದಿಗೊಡ್ಡು ಅಂತ ಅಣಕಿಸ್ತಿದ್ದ ಕಾರ್ಯಕ್ರಮವನ್ನ ಕಾಪಾಡಿದ್ದು ಆ ಪ್ರಧಾನಿಯೇ. ನೆಹರೂ ಅವರು ಶಂಕರ್ಸ್ ವೀಕ್ಲಿಯ ಶಂಕರ್ ಪಿಳ್ಳೈಗೆ ನನ್ನನ್ನೂ ಬಿಡಬೇಡಿ ಅಂದಿದ್ದನ್ನ ನಾವು ಹೆಮ್ಮೆಯಿಂದ ಹೇಳ್ಕೋತೀವಲ್ಲ, ಅದೇ ತಲೆಮಾರಿನ ಗುಣ ಇದು. ನಮ್ಮ ಕನ್ನಡದಲ್ಲೂ ಆಗ ‘ಕೊರವಂಜಿ’ ಇತ್ತು. ವೈದ್ಯರಾಗಿದ್ದ ರಾ.ಶಿ. ಅವರು 1942ರಿಂದ 1967ರವರೆಗೆ ನಡೆಸಿದ ಹಾಸ್ಯ ಪತ್ರಿಕೆ. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. ಕಾಗದದ ಮೇಲೆ ನಗೋಕೆ ನಮಗೆ ಬರ್ತಿತ್ತು, ಪರದೆಯ ಮೇಲೆ ಮಾತ್ರ ಯಾಕೋ ಇವತ್ತಿಗೂ ಕೈ ನಡುಗುತ್ತೆ.

ಈಗ ಅಸಲು ಪ್ರಶ್ನೆಗೆ ಬರ್ತೀನಿ. ಆಗ ಬಿಬಿಸಿಗೆ ವೀಕ್ಷಕರ ಮನಸ್ಸು ಹೇಗೆ ಗೊತ್ತಾಗ್ತಿತ್ತು? ಎರಡು ದಾರಿ. ಒಂದು, ಜನ ತಾವಾಗಿಯೇ ಮಾಡುವ ಫೋನು, ಬರೆಯುವ ಪತ್ರ. ಇನ್ನೊಂದು, ಬಿಬಿಸಿಯೇ ಹೋಗಿ ಕೇಳೋದು. ಈ ಎರಡನೆಯದಕ್ಕೆ ಒಂದು ಇಲಾಖೆಯೇ ಇತ್ತು. ಅದರ ಮುಖ್ಯಸ್ಥ ರಾಬರ್ಟ್ ಸಿಲ್ವಿ. ಜಾಹೀರಾತು ಕಂಪನಿಯಲ್ಲಿದ್ದವರು 1936ರಲ್ಲಿ ಬಿಬಿಸಿಗೆ ಬಂದರು. ಯುದ್ಧ ಶುರುವಾದ 1939ರ ಡಿಸೆಂಬರ್‌ನಿಂದ ಪ್ರತಿದಿನವೂ ಬೇರೆ ಬೇರೆ ಊರುಗಳಲ್ಲಿ ಜನರನ್ನ ನಿಲ್ಲಿಸಿ, ನಿನ್ನೆ ಏನು ಕೇಳಿದ್ರಿ ಅಂತ ವಿಚಾರಿಸುವ ವ್ಯವಸ್ಥೆ ಮಾಡಿದರು. ಟಿವಿ ಬಂದ ಮೇಲೆ ಏನು ನೋಡಿದ್ರಿ ಅನ್ನೋದೂ ಸೇರಿಕೊಳ್ತು. ಎಷ್ಟು ಜನ ನೋಡಿದರು ಅನ್ನೋದು ಇದರಿಂದ ಸಿಗುತ್ತೆ. ನೋಡಿದವರಿಗೆ ಇಷ್ಟವಾಯ್ತಾ ಅಂತ ತಿಳಿಯೋಕೆ ಬೇರೆ ವೀಕ್ಷಕರ ತಂಡ, ಅವರಿಗೆ ಪ್ರಶ್ನಾವಳಿ. ಉತ್ತರಗಳನ್ನ ಒಟ್ಟು ಮಾಡಿ ನೂರಕ್ಕೆ ಇಷ್ಟು ಅಂತ ಮೆಚ್ಚುಗೆಯ ಅಂಕಿ ತೆಗೀತಿದ್ದರು.

ಗಮನಿಸಿ, ಎಷ್ಟು ಜನ ಮತ್ತು ಎಷ್ಟು ಇಷ್ಟ, ಇವೆರಡನ್ನೂ ಬೇರೆ ಬೇರೆ ಇಟ್ಟಿದ್ದರು. ನಮ್ಮ ರೇಟಿಂಗ್ ಶೀಟ್‌ನಲ್ಲಿ ಮೊದಲನೆಯದು ಮಾತ್ರ ಇರುತ್ತೆ. ಬಯ್ಯುತ್ತಾ ನೋಡಿದವನೂ ಒಂದೇ, ಮೆಚ್ಚಿ ನೋಡಿದವನೂ ಒಂದೇ, ರಿಮೋಟ್ ಸಿಗದೆ ನೋಡಿದವನೂ ಒಂದೇ.

ಪತ್ರ ಬರೆದವರು ಇಡೀ ಪ್ರೇಕ್ಷಕವರ್ಗದ ಪ್ರತಿನಿಧಿಗಳಲ್ಲ ಅನ್ನೋದು ಸಿಲ್ವಿಯಂಥವರಿಗೆ ಚೆನ್ನಾಗಿ ಗೊತ್ತಿತ್ತು. ನಕ್ಕವನು ಪೆನ್ನು ಹುಡುಕೋದಿಲ್ಲ. ಸಿಟ್ಟು ಬಂದವನು ಅಂಚೆಚೀಟಿ ತರೋಕೆ ಮಳೆಯಲ್ಲೂ ಹೋಗ್ತಾನೆ. 1 ಕೋಟಿ 20 ಲಕ್ಷ ಜನ ನೋಡಿದ ಕಾರ್ಯಕ್ರಮಕ್ಕೆ ಐನೂರು ಬೈಗುಳ ಬಂದರೆ ಎಷ್ಟಾಯ್ತು? ಇಪ್ಪತ್ತನಾಲ್ಕು ಸಾವಿರಕ್ಕೆ ಒಬ್ಬರು. ಅದನ್ನ ‘ವೀಕ್ಷಕರ ಆಕ್ರೋಶ’ ಅನ್ನಬಹುದಾ? ಹಾಗಂತ ಆ ಒಬ್ಬರನ್ನ ತಳ್ಳಿಹಾಕೋಕೂ ಆಗೋದಿಲ್ಲ. ಬಿಬಿಸಿ ಜಾಹೀರಾತಿನಿಂದ ನಡೆಯೋದಿಲ್ಲ. ಟಿವಿ ಇಟ್ಟುಕೊಂಡ ಪ್ರತಿ ಮನೆಯವರೂ ಆಗ ವರ್ಷಕ್ಕೆ 4 ಪೌಂಡ್ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ನನ್ನ ದುಡ್ಡಲ್ಲಿ ನನ್ನ ದೇವರನ್ನೇ ವಾಷಿಂಗ್ ಮೆಷಿನ್ ಜೊತೆ ತೂಗ್ತೀರಾ ಅಂತ ಒಬ್ಬ ಅಜ್ಜಿ ಕೇಳಿದರೆ ಉತ್ತರ ಕೊಡೋದು ಬಿಬಿಸಿಯ ಕರ್ತವ್ಯ. ಆ ಅಜ್ಜಿಯ ಸಿಟ್ಟು ಸುಳ್ಳಲ್ಲ. ಸುಳ್ಳು ಎಲ್ಲಿ ಶುರುವಾಗುತ್ತೆ ಅಂದ್ರೆ, ಅಜ್ಜಿಯ ಪತ್ರವನ್ನ ಎತ್ತಿ ಹಿಡಿದು ಅದರ ಹಿಂದೆ ಮಂತ್ರಿ ನಿಂತುಕೊಂಡಾಗ. ನಮ್ಮಲ್ಲೂ ಆಗೋದು ಇದೇ. ಜನರ ಭಾವನೆಗೆ ಧಕ್ಕೆ ಅನ್ನೋ ಮಾತು ಬಂದಾಗೆಲ್ಲ ನಾನು ಮೊದಲು ನೋಡೋದು ಆ ಪತ್ರದ ಹಿಂದೆ ಯಾರ ನೆರಳಿದೆ ಅಂತ.

ಇಂಥ ಸಿಟ್ಟಿಗೆ ಮುಂದೆ ಒಂದು ಸಂಘಟನೆಯೇ ಹುಟ್ಟಿತು. ಶ್ರಾಪ್‌ಷೈರ್‌ನ ಶಾಲಾ ಶಿಕ್ಷಕಿ ಮೇರಿ ವೈಟ್‌ಹೌಸ್ 1964ರಲ್ಲಿ ಟಿವಿಯನ್ನ ಸ್ವಚ್ಛಗೊಳಿಸಿ ಅನ್ನೋ ಅಭಿಯಾನ ಶುರು ಮಾಡಿದರು. ಮೇ 5ರಂದು ಬರ್ಮಿಂಗ್‌ಹ್ಯಾಮ್ ಟೌನ್‌ಹಾಲ್‌ನಲ್ಲಿ ಸಭೆ ಕರೆದರೆ ಬಸ್ಸುಗಳಲ್ಲಿ ಜನ ಬಂದು ಹಾಲ್ ತುಂಬಿತು. ಮರುವರ್ಷ ವೀಕ್ಷಕರ, ಕೇಳುಗರ ರಾಷ್ಟ್ರೀಯ ಸಂಘ ಅಂತಲೇ ಹೆಸರಾಯ್ತು. ಗ್ರೀನ್ ಆಕೆಯನ್ನ ಭೇಟಿಯಾಗೋಕೇ ಒಪ್ಪಲಿಲ್ಲ. ಆಕೆಯ ಅಶ್ಲೀಲವಾದ ಒಂದು ಅಣಕು ಚಿತ್ರವನ್ನ ಕೊಂಡು ಇಟ್ಟುಕೊಂಡಿದ್ದರಂತೆ ಕೂಡ. ಗ್ರೀನ್ ಧೈರ್ಯವನ್ನ ಮೆಚ್ಚುವ ನಾನು ಇದನ್ನ ಮೆಚ್ಚೋದಿಲ್ಲ. ಆಕೆಯ ಮಾತು ಒಪ್ಪಬೇಕಾಗಿರಲಿಲ್ಲ, ಒಂದು ಕಪ್ ಚಹಾ ಕೊಟ್ಟು ಕೇಳಿಸಿಕೊಂಡಿದ್ದರೆ ಬಿಬಿಸಿಯ ಗಂಟೇನೂ ಹೋಗ್ತಿರಲಿಲ್ಲ.

1963ರ ಏಪ್ರಿಲ್ ಕೊನೆಗೆ ಮೊದಲ ಸರಣಿ ಮುಗೀತು. ತಮಾಷೆ ನೋಡಿ, ಯುದ್ಧಖಾತೆ ಮಂತ್ರಿ ಜಾನ್ ಪ್ರೊಫ್ಯೂಮೊ ಸಂಸತ್ತಿಗೆ ಸುಳ್ಳು ಹೇಳಿದ್ದನ್ನ ಒಪ್ಪಿಕೊಂಡು ರಾಜೀನಾಮೆ ಕೊಟ್ಟಿದ್ದು ಜೂನ್‌ನಲ್ಲಿ. ಆ ಕಾಲದ ಅತಿ ದೊಡ್ಡ ಹಗರಣ ನಡೆಯುವಾಗ ದೇಶದ ಅತಿ ಚೂಪಾದ ಕಾರ್ಯಕ್ರಮ ರಜೆಯಲ್ಲಿತ್ತು! ಸೆಪ್ಟೆಂಬರ್ ಕೊನೆಗೆ ಎರಡನೇ ಸರಣಿ ಬಂತು. ಹೇಳಿದ ಸಮಯಕ್ಕೆ ಮುಗಿಸೋ ಅಭ್ಯಾಸ ಇವರಿಗಿರಲಿಲ್ಲ. ಲೈವ್ ತಾನೇ, ದಿನದ ಕೊನೆಯ ಕಾರ್ಯಕ್ರಮ ಬೇರೆ, ಎಳೆದಷ್ಟೂ ಎಳೀತಿದ್ದರು. ಇವರನ್ನ ಕಟ್ಟಿಹಾಕೋಕೆ ಬಿಬಿಸಿಯವರು ಹಿಂದೆಯೇ ‘ದ ಥರ್ಡ್ ಮ್ಯಾನ್’ ಅನ್ನೋ ಪತ್ತೇದಾರಿ ಧಾರಾವಾಹಿಯ ಹಳೇ ಕಂತುಗಳನ್ನ ಹಾಕಿದರು. ಫ್ರಾಸ್ಟ್ ಏನು ಮಾಡಿದ್ರು ಗೊತ್ತಾ? ತಮ್ಮ ಕಾರ್ಯಕ್ರಮದ ಕೊನೆಗೆ, ಈಗ ಬರಲಿರುವ ಕಂತಿನಲ್ಲಿ ಏನೇನಾಗುತ್ತೆ ಅನ್ನೋದನ್ನೆಲ್ಲ ಹೇಳಿಬಿಟ್ಟರು! ಪ್ರತಿ ವಾರವೂ. ಮೂರು ವಾರದಲ್ಲಿ ಧಾರಾವಾಹಿ ಎತ್ತಂಗಡಿ.

ಅಕ್ಟೋಬರ್‌ನಲ್ಲಿ ಮ್ಯಾಕ್‌ಮಿಲನ್ ಅನಾರೋಗ್ಯದಿಂದ ಇಳಿದರು. ಅವರ ಜಾಗಕ್ಕೆ ಬಂದವರು ಲಾರ್ಡ್ ಹೋಮ್, ಜನರಿಂದ ಆರಿಸಿಬರದ ಮೇಲ್ಮನೆಯ ಶ್ರೀಮಂತ. ಅಕ್ಟೋಬರ್ 19ರ ಶನಿವಾರ ಫ್ರಾಸ್ಟ್ ಹತ್ತೊಂಬತ್ತನೇ ಶತಮಾನದ ಪ್ರಧಾನಿ ಡಿಸ್ರೇಲಿಯ ವೇಷದಲ್ಲಿ ಕೂತು ಹೊಸ ಪ್ರಧಾನಿಗೆ ಒಂದು ಪತ್ರ ಓದಿದರು. ಬರೆದವರು ಕ್ರಿಸ್ಟೋಫರ್ ಬುಕರ್. ಅದರಲ್ಲಿ ನಗು ಕಮ್ಮಿ, ಖಾರ ಜಾಸ್ತಿ. ಕೊನೆಯಲ್ಲಿ ವಿರೋಧ ಪಕ್ಷದ ಹೆರಾಲ್ಡ್ ವಿಲ್ಸನ್‌ಗೂ ಒಂದು ಏಟು ಕೊಟ್ಟರು. ಒಬ್ಬ ಮಂದ, ಇನ್ನೊಬ್ಬ ಅತಿಜಾಣ, ಆರಿಸಿಕೊಳ್ಳಿ ಅನ್ನೋ ಹಾಗೆ. ನೂರಾರು ಫೋನು, ನೂರಾರು ಪತ್ರ. ಈ ಸಲ ಜನ ಬೈದಿದ್ದರಲ್ಲಿ ಸ್ವಲ್ಪ ಹುರುಳಿತ್ತು ಅಂತ ನನಗನ್ನಿಸುತ್ತೆ. ಅಧಿಕಾರಕ್ಕೆ ಬಂದು ಒಂದು ದಿನವೂ ಆಗಿರದ ಮನುಷ್ಯ ಏನು ಮಾಡಿದ ಅಂತ ಗೇಲಿ ಮಾಡ್ತೀರಿ? ಮೌನಿ ಸಂಸದರ ಐಟಂನಲ್ಲಿ ದಾಖಲೆ ಮಾತಾಡಿತ್ತು. ಇಲ್ಲಿ ಮಾತಾಡಿದ್ದು ಬರೀ ತಿರಸ್ಕಾರ.

ನವೆಂಬರ್‌ನಲ್ಲಿ ಬಿಬಿಸಿ ಘೋಷಿಸಿತು: ವರ್ಷದ ಕೊನೆಗೆ ಕಾರ್ಯಕ್ರಮ ನಿಲ್ಲುತ್ತೆ. 1964 ಚುನಾವಣೆಯ ವರ್ಷ, ರಾಜಕೀಯ ವಿಡಂಬನೆ ಮುಂದುವರಿಸೋದು ಕಷ್ಟ ಅನ್ನೋದು ಕೊಟ್ಟ ಕಾರಣ. ವೀಕ್ಷಕರು ಬೇಡ ಅಂದ್ರು ಅಂತ ಹೇಳೋ ಹಾಗಿರಲಿಲ್ಲ, ಯಾಕಂದ್ರೆ ಅವರು ಇನ್ನೂ ಲಕ್ಷಗಟ್ಟಲೆ ನೋಡ್ತಾನೇ ಇದ್ದರು. ಚುನಾವಣೆಯ ವರ್ಷದಲ್ಲಿ ನಿಷ್ಪಕ್ಷಪಾತವಾಗಿ ಕಾಣಬೇಕಾದ ಸಂಸ್ಥೆಯ ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ಆಳುವವರನ್ನ ತೂಗಿ ನೋಡಬೇಕಾದ ವರ್ಷದಲ್ಲೇ ತಕ್ಕಡಿಯನ್ನ ಅಟ್ಟಕ್ಕೆ ಹಾಕಿದರು ಅನ್ನೋದೂ ನಿಜ. ಗ್ರೀನ್ ಆಮೇಲೆ ತಮ್ಮನ್ನ ತಾವೇ ಆಡಿಕೊಂಡರು: ಬಂಡುಕೋರನಾಗಿ ಇದನ್ನ ಪರದೆಗೆ ತಂದೆ, ವ್ಯವಸ್ಥೆಯ ಕಂಬವಾಗಿ ಇದನ್ನ ಇಳಿಸಿದೆ ಅನ್ನೋ ಅರ್ಥದಲ್ಲಿ.

ನಿಲ್ಲಿಸ್ತೀವಿ ಅಂತ ಹೇಳಿದ ಮೇಲೆ ಬಂತು ನವೆಂಬರ್ 22, ಶುಕ್ರವಾರ. ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿ ಹತ್ಯೆ. ಮಾರನೇ ದಿನ ಶನಿವಾರ, ಕಾರ್ಯಕ್ರಮದ ದಿನ. ಸಿದ್ಧವಾಗಿದ್ದ ಸ್ಕಿಟ್‌ಗಳನ್ನೆಲ್ಲ ಪಕ್ಕಕ್ಕಿಟ್ಟರು. ಸುಮಾರು ಇಪ್ಪತ್ತು ನಿಮಿಷ, ಒಂದೇ ಒಂದು ಜೋಕ್ ಇಲ್ಲದೆ, ಅದೇ ಸ್ಟುಡಿಯೋದಲ್ಲಿ ಅದೇ ಹುಡುಗರು ಕೂತು ಸತ್ತವನ ಬಗ್ಗೆ ಮಾತಾಡಿದರು. ಮಿಲಿಸೆಂಟ್ ಮಾರ್ಟಿನ್ ರಾತ್ರೋರಾತ್ರಿ ಬರೆದ ಒಂದು ಹಾಡು ಹಾಡಿದರು. ಅಮೆರಿಕದ ಎನ್‌ಬಿಸಿ ಅದನ್ನ ಭಾನುವಾರ ತನ್ನ ಜನರಿಗೆ ತೋರಿಸಿತು. ಸೆನೆಟರ್ ಹ್ಯೂಬರ್ಟ್ ಹಂಫ್ರಿ ಆ ಮಾತುಗಳನ್ನ ಅಮೆರಿಕ ಸಂಸತ್ತಿನ ದಾಖಲೆಗೆ ಸೇರಿಸಿದರು. ಗಂಭೀರ ಸುದ್ದಿ ಓದೋರಿಗೆ ಸಿಗದ ಗೌರವ ವಿದೂಷಕರಿಗೆ ಸಿಕ್ಕಿತು. ವಾರಗಟ್ಟಲೆ ಯಾರನ್ನೂ ಹೊಗಳದವರು ಒಂದು ದಿನ ಹೊಗಳಿದಾಗ ಜನ ನಂಬ್ತಾರೆ. ದಿನಾ ಹೊಗಳೋ ನಮ್ಮಂಥವರಿಗೆ ಆ ದಿನ ಮಾತೇ ಉಳಿದಿರೋದಿಲ್ಲ.

ಡಿಸೆಂಬರ್ 28ಕ್ಕೆ ಕೊನೆಯ ಕಂತು. 1964ರ ಅಕ್ಟೋಬರ್ ಚುನಾವಣೆಯಲ್ಲಿ ಹೋಮ್ ಸೋತರು, ವಿಲ್ಸನ್ ನಾಲ್ಕೇ ಸೀಟುಗಳ ಬಹುಮತದಿಂದ ಗೆದ್ದರು. ಅದಕ್ಕೆ ಈ ಕಾರ್ಯಕ್ರಮ ಕಾರಣ ಅಂತ ನಾನಂತೂ ಹೇಳಲ್ಲ. ಸ್ಕಿಟ್‌ಗಳಿಂದ ಸರ್ಕಾರ ಬೀಳೋದಿದ್ದರೆ ಪೀಟರ್ ಕುಕ್‌ಗೆ ಆ ಕಹಿ ಜೋಕ್ ಹೊಳೀತಾನೇ ಇರಲಿಲ್ಲ. ಹೆನ್ರಿ ಬ್ರೂಕ್ 1966ರಲ್ಲಿ ತಮ್ಮ ಹ್ಯಾಂಪ್‌ಸ್ಟೆಡ್ ಸೀಟು ಕಳೆದುಕೊಂಡರು. ಫ್ರಾಸ್ಟ್ ಅಮೆರಿಕಕ್ಕೂ ಕಾರ್ಯಕ್ರಮ ಒಯ್ದರು, ಎನ್‌ಬಿಸಿಯಲ್ಲಿ ಅದು 1965ರವರೆಗೆ ನಡೀತು. ಆ ಹೆಸರಿನ ನೆರಳು ನಮ್ಮಲ್ಲಿಗೂ ಬಂತು: ಸೈರಸ್ ಬ್ರೋಚಾ ಸಿಎನ್‌ಎನ್-ಐಬಿಎನ್‌ನಲ್ಲಿ ನಡೆಸಿದ ‘ದ ವೀಕ್ ದಟ್ ವಾಸಂಟ್’ ನೆನಪಿರಬೇಕಲ್ಲ.

ಇನ್ನು ಮೌನಿ ಸಂಸದರ ಪಟ್ಟಿ ಬರೆದ ಆ ಪತ್ರಕರ್ತ ಜೆರಾಲ್ಡ್ ಕಾಫ್‌ಮನ್. 1970ರಲ್ಲಿ ಮ್ಯಾಂಚೆಸ್ಟರ್‌ನಿಂದ ಚುನಾವಣೆಗೆ ನಿಂತು ತಾವೇ ಸಂಸದರಾದರು. 2017ರಲ್ಲಿ ತೀರಿಕೊಳ್ಳುವವರೆಗೂ ಸಂಸದರಾಗಿಯೇ ಇದ್ದರು, ಕೊನೆಯ ಎರಡು ವರ್ಷ ಸದನದ ಅತ್ಯಂತ ಹಿರಿಯ ಸದಸ್ಯ ಅನ್ನೋ ಗೌರವವೂ ಸಿಕ್ಕಿತ್ತು. ನಲವತ್ತೇಳು ವರ್ಷ. ಮಾತಾಡಲಿಲ್ಲ ಅಂತ ಯಾರೂ ಅವರನ್ನ ಯಾವ ಪಟ್ಟಿಗೂ ಸೇರಿಸಲಿಲ್ಲ.